ಇ-ಮೈಗ್ರೇಟ್ ತಾಣ: ಗಲ್ಫಿಗೆ ಹೊರಟ ಕಾಸರಗೋಡಿನವರಿಗೆ ಎಷ್ಟು ಉಪಯೋಗ?

ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಗಲ್ಫಿನ ಕೆಲಸದ ಮಾತೆದ್ದರೆ ಎಲ್ಲರೂ ಮೊದಲು ಕೇಳುವುದು ‘ವೀಸಾ ಯಾರು ಕೊಡುವುದು?’ ಎಂದು. ಕೂಡಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಂಟು: ‘ಅವನಿಗೆ ಲೈಸೆನ್ಸ್ ಉಂಟಾ?’ ಈ ಎರಡನೆಯ ಪ್ರಶ್ನೆಗೆ ಮನೆಯಲ್ಲೇ ಕೂತು, ಒಂದು ರೂಪಾಯಿಯೂ ಕೊಡದೆ ಉತ್ತರ ಪಡೆಯಬಹುದಾದ ಜಾಗ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್. 2014ರಲ್ಲಿ ಶುರುವಾದ ಈ ತಾಣಕ್ಕೆ 2024ರ ಅಕ್ಟೋಬರಿನಲ್ಲಿ ಹೊಸ ರೂಪ ಬಂತು, ಜೊತೆಗೆ ಮೊಬೈಲ್ ಆಪ್ ಕೂಡ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಏಜೆಂಟನ ಪೂರ್ವಾಪರ ತಿಳಿಯಲು ಇದಕ್ಕಿಂತ ಒಳ್ಳೆಯ ಸಾಧನ ನಮ್ಮ ದೇಶದಲ್ಲಿ ಇಲ್ಲ. ಆದರೆ ತನ್ನ ಬಾಗಿಲಿನಿಂದ ಹಾದುಹೋಗದವರನ್ನು ಕಾಪಾಡುವ ಶಕ್ತಿ ಇದಕ್ಕೆ ಇಲ್ಲ. ಕಾಸರಗೋಡಿನಿಂದ ಹೊರಡುವವರಲ್ಲಿ ಬಹಳ ಮಂದಿ ಆ ಬಾಗಿಲಿನ ಹತ್ತಿರಕ್ಕೂ ಹೋಗುವುದಿಲ್ಲ.

ಲೈಸೆನ್ಸ್ ನೋಡುವ ಕ್ರಮ

ವಾಟ್ಸಾಪಿನಲ್ಲಿ ಓಡಾಡುವ ಒಂದು ಪೋಸ್ಟರನ್ನು ಎದುರಿಗಿಟ್ಟುಕೊಳ್ಳಿ. ಮೇಲೆ ಸೌದಿಯ ಬಾವುಟ, ಅದರ ಕೆಳಗೆ ‘ಅರ್ಜೆಂಟ್ ರಿಕ್ವೈರ್‌ಮೆಂಟ್’. ಡ್ರೈವರ್, ಹೆಲ್ಪರ್, ಎಸಿ ಟೆಕ್ನೀಷಿಯನ್. ಊಟ, ರೂಮು ಉಚಿತ. ಪಾಸ್‌ಪೋರ್ಟ್ ಕಾಪಿ ಕಳಿಸಿ ಎಂಬ ಸಾಲು, ಎರಡು ಮೊಬೈಲ್ ನಂಬರು. ಅದರಲ್ಲಿ ಏನಿಲ್ಲ ಎಂದು ನೋಡಿ. ಕಂಪೆನಿಯ ಹೆಸರಿಲ್ಲ, ಆಫೀಸಿನ ವಿಳಾಸವಿಲ್ಲ, ‘ಬಿ’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯಿಲ್ಲ. ಲೈಸೆನ್ಸ್ ಇರುವ ರಿಕ್ರೂಟಿಂಗ್ ಏಜೆಂಟ್ ಆ ಸಂಖ್ಯೆಯನ್ನು ತನ್ನ ಆಫೀಸಿನಲ್ಲೂ ಪತ್ರಿಕೆಯ ಜಾಹೀರಾತಿನಲ್ಲೂ ಸಾಮಾಜಿಕ ಜಾಲತಾಣದಲ್ಲೂ ಎದ್ದು ಕಾಣುವಂತೆ ಹಾಕಲೇಬೇಕು. ಹಾಕಿಲ್ಲವೆಂದಾದರೆ ಮುಂದೆ ಮಾತೇ ಬೇಡ.

ಸಂಖ್ಯೆ ಇದ್ದರೆ ಅದನ್ನು ಓದುವುದು ಕಷ್ಟವಲ್ಲ. ಅಡ್ಡಗೆರೆಗಳ ನಡುವೆ ಭಾಗ ಭಾಗವಾಗಿ ಇರುತ್ತದೆ: ಮೊದಲು ‘ಬಿ’ ಮತ್ತು ಒಂದು ಸಂಖ್ಯೆ, ಆಮೇಲೆ ರಾಜ್ಯದ ಅಥವಾ ನಗರದ ಹೆಸರು, ಸಂಸ್ಥೆ ಒಬ್ಬನದೋ ಪಾಲುದಾರಿಕೆಯದೋ ಕಂಪೆನಿಯೋ ಎಂಬ ಗುರುತು, ಎಷ್ಟು ಜನರನ್ನು ಕಳಿಸಬಹುದು ಎಂಬ ಮಿತಿ, ಕೊನೆಗೆ ಕ್ರಮಸಂಖ್ಯೆ ಮತ್ತು ವರ್ಷ. ತಾಣದಲ್ಲಿ ರಿಕ್ರೂಟಿಂಗ್ ಏಜೆಂಟರ ಪಟ್ಟಿ ತೆರೆದು ಈ ಸಂಖ್ಯೆಯಿಂದಲೋ ಸಂಸ್ಥೆಯ ಹೆಸರಿನಿಂದಲೋ ಹುಡುಕಬೇಕು. ಹೆಸರು ಸಿಕ್ಕಿದ ಮಾತ್ರಕ್ಕೆ ಸಮಾಧಾನಪಡಬೇಡಿ. ಅದರ ಎದುರಿನ ಸ್ಥಿತಿ ನೋಡಿ: ಚಾಲ್ತಿಯಲ್ಲಿ ಉಂಟೋ, ಅವಧಿ ಮುಗಿದಿದೆಯೋ, ಅಮಾನತಾಗಿದೆಯೋ, ರದ್ದಾಗಿದೆಯೋ. ಚಾಲ್ತಿಯಲ್ಲಿ ಇರುವುದು ಬಿಟ್ಟು ಉಳಿದ ಮೂರೂ ನಿಮ್ಮ ಮಟ್ಟಿಗೆ ‘ಇಲ್ಲ’ ಎಂದೇ ಲೆಕ್ಕ.

ಇಷ್ಟು ನೋಡಿಯೂ ಮೋಸಹೋಗುವವರಿದ್ದಾರೆ, ಏಕೆಂದರೆ ನಿಜವಾದ ಸಂಸ್ಥೆಯ ಸಂಖ್ಯೆಯನ್ನೇ ಕದ್ದು ತನ್ನ ಲೆಟರ್‌ಹೆಡ್ಡಿಗೆ ಹಾಕಿಕೊಳ್ಳುವವರು ಇದ್ದಾರೆ. ಆದ್ದರಿಂದ ನಿಮಗೆ ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ತಾಣದಲ್ಲಿ ಇರುವ ನಂಬರಿಗೆ ಮಾಡಿ, ‘ಇಂಥವರು ನಿಮ್ಮ ಕಡೆಯವರೇ? ಇಂಥ ಕೆಲಸಕ್ಕೆ ಜನ ಬೇಕಾಗಿದೆಯೇ?’ ಎಂದು ಕೇಳಿ. ಈ ಒಂದು ಕರೆಗೆ ಕೂಡಾ ಪುರುಸೊತ್ತಿಲ್ಲದೆ ಲಕ್ಷ ಎಣಿಸಿ ಕೊಡುತ್ತಾರಲ್ಲ, ಅದನ್ನು ನೋಡಿದರೆ ಸಂಕಟವಾಗುತ್ತದೆ. ದೂರು ಬಂದಿರುವ, ನೋಂದಣಿಯೇ ಇಲ್ಲದ ಏಜೆಂಟರ ಪಟ್ಟಿಯೂ ಇದೇ ತಾಣದಲ್ಲಿ ರಾಜ್ಯವಾರು ಸಿಗುತ್ತದೆ. 2024ರ ಹೊತ್ತಿಗೆ ಅದರಲ್ಲಿ 3000ಕ್ಕೂ ಹೆಚ್ಚು ಹೆಸರುಗಳಿದ್ದವು. ಆ ಪಟ್ಟಿಯಲ್ಲಿ ಹೆಸರಿಲ್ಲ ಎಂದರೆ ಒಳ್ಳೆಯವನು ಎಂದಲ್ಲ, ಅವನ ಮೇಲೆ ಇನ್ನೂ ಯಾರೂ ದೂರು ಕೊಟ್ಟಿಲ್ಲ ಎಂದು ಮಾತ್ರ.

ಫೀಸಿನ ವಿಷಯದಲ್ಲೂ ಖಚಿತವಾಗಿರಬೇಕು. ನೋಂದಾಯಿತ ಏಜೆಂಟ್ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿಸಿದರೆ 35,400. ಅದಕ್ಕೆ ರಶೀದಿ ಕೊಡಬೇಕು. ಹಣವನ್ನು ಸಂಸ್ಥೆಯ ಬ್ಯಾಂಕ್ ಖಾತೆಗೇ ಹಾಕಿ, ಯಾರದೋ ಗೂಗಲ್ ಪೇಗೆ ಬೇಡ. ‘ವೀಸಾಕ್ಕೆ ಒಂದೂವರೆ ಲಕ್ಷ’ ಎಂದು ಕೇಳುವವನು ಲೈಸೆನ್ಸ್ ಇದ್ದವನೇ ಆದರೂ ಆ ಹೊತ್ತಿಗೆ ಕಾನೂನು ಮುರಿಯುತ್ತಿದ್ದಾನೆ.

ಸರಪಳಿಯ ಕೊನೆಯಲ್ಲಿ ಯಾರಿದ್ದಾರೆ?

ಲೈಸೆನ್ಸಿಗೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರು ಕೆಂಪು ಸಮುದ್ರದ ಬಾಯಿಯ ಕಡೆ ಒಮ್ಮೆ ನೋಡಬೇಕು. ಇಥಿಯೋಪಿಯಾ, ಸೊಮಾಲಿಯಾದ ಜನ ಹೋಗಲು ಬಯಸುವುದೂ ನಮ್ಮವರು ಹೋಗುವ ಸೌದಿಗೇ. ಹುಡುಕುವುದೂ ಅದೇ ಕೆಲಸ: ಕುರಿ ಕಾಯುವುದು, ಕಟ್ಟಡದ ಕೆಲಸ, ಮನೆಗೆಲಸ. ಅವರ ದಾರಿ ಬೇರೆ. ಊರಿನ ದಲ್ಲಾಳಿ ಗಡಿ ದಾಟಿಸುವವನ ಕೈಗೆ ಕೊಡುತ್ತಾನೆ. ಅವನು ಜಿಬೂಟಿಯ ಒಬೊಕ್ ಅಥವಾ ಸೊಮಾಲಿಯಾದ ಬೊಸಾಸೊ ದಡದ ದೋಣಿಯವನ ಕೈಗೆ. ದೋಣಿಯವನು ಯೆಮೆನ್ ತೀರದಲ್ಲಿ ಕಾದು ನಿಂತವರ ಕೈಗೆ. ಅವರು ಕೂಡಿಹಾಕಿ, ಹೊಡೆದು, ಊರಿಗೆ ಫೋನ್ ಮಾಡಿಸಿ ಬಿಡುಗಡೆಗೆ ಹಣ ತರಿಸುತ್ತಾರೆ. ಆಮೇಲೆ ಯುದ್ಧದ ನಡುವೆ ಉತ್ತರಕ್ಕೆ ಪ್ರಯಾಣ, ಸೌದಿ ಗಡಿ. ‘ಈಗ ಹೋಗು, ಆಮೇಲೆ ಕೊಡು’ ಎಂದು ಆಸೆ ತೋರಿಸಿ ಕರೆದೊಯ್ದವರ ಸಾಲ ಕೊನೆಗೆ ತೀರುವುದು ಹೀಗೆ.

ವಿಶ್ವಸಂಸ್ಥೆಯ ವಲಸೆ ಸಂಸ್ಥೆ ಐಒಎಂ ಲೆಕ್ಕದಲ್ಲಿ 2023ರಲ್ಲಿ ಈ ದಾರಿಯಿಂದ ಯೆಮೆನ್ ತಲುಪಿದವರು 97,000ಕ್ಕೂ ಹೆಚ್ಚು. 2017ರ ಆಗಸ್ಟಿನಲ್ಲಿ ಶಬ್ವಾ ತೀರದ ಬಳಿ ಸಾಗಣೆದಾರರು ನೂರಕ್ಕೂ ಹೆಚ್ಚು ಹದಿಹರೆಯದವರನ್ನು ನಡುನೀರಿಗೆ ದೂಡಿದರು, ಸುಮಾರು 50 ಮಂದಿ ಮುಳುಗಿಹೋದರು. 2024ರ ಜೂನಿನಲ್ಲಿ ಬೊಸಾಸೊದಿಂದ ಹೊರಟ ದೋಣಿಯಲ್ಲಿ 260 ಜನರಿದ್ದರು. ಅದು ಮಗುಚಿ 49 ಹೆಣ ಸಿಕ್ಕವು, 140 ಮಂದಿ ಪತ್ತೆಯಾಗಲಿಲ್ಲ. ಗಡಿ ತಲುಪಿದವರ ಮೇಲೆ ಸೌದಿ ಗಡಿಕಾವಲಿನವರು ಗುಂಡು ಹಾರಿಸಿದ್ದರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2023ರಲ್ಲಿ ವರದಿ ಹೊರತಂದಿತು.

ಈ ಸರಪಳಿಯಲ್ಲಿ ಐದಾರು ಕೈಗಳಿವೆ, ಆದರೆ ಉತ್ತರ ಹೇಳಬೇಕಾದವನು ಒಬ್ಬನೂ ಇಲ್ಲ. ಒಪ್ಪಂದವಿಲ್ಲ, ರಶೀದಿಯಿಲ್ಲ, ವಿಳಾಸವಿಲ್ಲ. ಇ-ಮೈಗ್ರೇಟ್ ಮಾಡುವ ದೊಡ್ಡ ಕೆಲಸ ಇದೇ: ಸರಪಳಿಯಲ್ಲಿ ಉತ್ತರ ಹೇಳಬೇಕಾದ ಒಬ್ಬನನ್ನು ಹೆಸರು ಹಿಡಿದು ನಿಲ್ಲಿಸುತ್ತದೆ. ದೊಡ್ಡ ಏಜೆಂಟ್ ನೋಂದಣಿಗೆ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಟ್ಟಿರಬೇಕು. ಅವನು ಕಳಿಸಿದ ಕೆಲಸಗಾರ ಅಲ್ಲಿ ಸಿಕ್ಕಿಬಿದ್ದರೆ ವಾಪಸು ಕರೆತರುವ ಖರ್ಚಿಗೆ ಅದನ್ನು ಬಳಸಲು 1983ರ ವಲಸೆ ಕಾಯಿದೆಯಲ್ಲಿ ಅವಕಾಶವಿದೆ. ವಿದೇಶದ ಮಾಲಿಕನೂ ಇಲ್ಲಿ ನೋಂದಾಯಿಸಿ, ಎಷ್ಟು ಜನ, ಯಾವ ಕೆಲಸ, ಎಷ್ಟು ಸಂಬಳ ಎಂದು ಬೇಡಿಕೆ ಹಾಕಿರಬೇಕು.

ನಮ್ಮ ಕಡೆಯ ಸರಪಳಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಊರಿನಲ್ಲಿ ‘ನನಗೆ ಗೊತ್ತಿರುವವರಿದ್ದಾರೆ’ ಎನ್ನುವ ಪರಿಚಯದವನು, ಮಂಗಳೂರಿನಲ್ಲೋ ಕೋಝಿಕ್ಕೋಡಿನಲ್ಲೋ ಒಂದು ಟ್ರಾವೆಲ್ಸ್, ಮುಂಬೈಯಲ್ಲಿ ಒಂದು ಏಜೆನ್ಸಿ, ಗಲ್ಫಿನಲ್ಲಿ ಕಫೀಲ್, ಅಂದರೆ ವೀಸಾದ ಪ್ರಾಯೋಜಕ. ಲೈಸೆನ್ಸ್ ಇದ್ದರೆ ಅದು ಮುಂಬೈಯವನಿಗೆ ಮಾತ್ರ ಇರುತ್ತದೆ. ಹಣ ತೆಗೆದುಕೊಳ್ಳುವವನು ಊರಿನವನು. ಸಬ್ ಏಜೆಂಟ್ ಎಂಬುದಕ್ಕೆ ಕಾನೂನಿನಲ್ಲಿ ಜಾಗವೇ ಇಲ್ಲ. ನೆಂಟ, ಜಾತಿಯವ, ಮಸೀದಿಯಲ್ಲಿ ಕಂಡವ, ದೇವಸ್ಥಾನದ ಕಮಿಟಿಯವ ಎಂಬ ನಂಬಿಕೆಯ ಮೇಲೆ ಕೊಟ್ಟ ಹಣಕ್ಕೆ ಆಮೇಲೆ ಸಾಕ್ಷಿಯೇ ಸಿಗುವುದಿಲ್ಲ. ಈ ಮನುಷ್ಯ ತಾಣದಲ್ಲಿ ಎಲ್ಲೂ ಕಾಣುವುದಿಲ್ಲ. ಇ-ಮೈಗ್ರೇಟಿನ ಮೊದಲ ದೊಡ್ಡ ಕೊರತೆ ಇದು.

ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಈ ಗೇಟು ಇಲ್ಲ

ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು. ವಲಸೆ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಬೇಕಾಗುವುದು ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂದು ಮುದ್ರಿಸಿರುವವರಿಗೆ ಮಾತ್ರ, ಅದೂ 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಅದರಲ್ಲಿವೆ. ಯೆಮೆನ್, ಸೂಡಾನ್, ಲಿಬಿಯಾ, ಮಲೇಶಿಯಾ, ಥಾಯ್ಲೆಂಡ್ ಕೂಡ ಇವೆ. ಹತ್ತನೇ ತರಗತಿ ಪಾಸಾಗಿದ್ದರೆ ಆ ಮುದ್ರೆ ಇರುವುದಿಲ್ಲ. ಕೇರಳದಲ್ಲಿ ಹತ್ತನೇ ತರಗತಿ ಪಾಸಾಗದ ಹುಡುಗರು ಎಷ್ಟಿದ್ದಾರೆ? ಹಾಗಾಗಿ ನಮ್ಮ ಜಿಲ್ಲೆಯ ಹೆಚ್ಚಿನ ಯುವಕರ ಪಾಸ್‌ಪೋರ್ಟನ್ನು ಈ ವ್ಯವಸ್ಥೆ ತಡೆದು ನೋಡುವುದೇ ಇಲ್ಲ. ವಿಮಾನ ನಿಲ್ದಾಣದಲ್ಲಿ ‘ಒಪ್ಪಂದ ಎಲ್ಲಿ, ಸಂಬಳ ಎಷ್ಟು’ ಎಂದು ಕೇಳುವವರಿಲ್ಲ. ಓದಿದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬುದು ಈ ನಿಯಮದ ಹಿಂದಿನ ಲೆಕ್ಕಾಚಾರ. ಮೋಸ ಹೋಗುವವರನ್ನು ನೋಡಿದರೆ ಆ ಲೆಕ್ಕ ಸರಿಯಿಲ್ಲ.

ಈ ಅಂತರ ತುಂಬಲು, ಮುದ್ರೆ ಇಲ್ಲದವರೂ ಸ್ವಇಚ್ಛೆಯಿಂದ ಇ-ಮೈಗ್ರೇಟಿನಲ್ಲಿ ನೋಂದಾಯಿಸಬಹುದು ಎಂದು 2017ರಲ್ಲಿ ಮಾಡಿದರು. 2019ರ ಜನವರಿಯಿಂದ ಕಡ್ಡಾಯ ಮಾಡುತ್ತೇವೆ ಎಂದು 2018ರಲ್ಲಿ ಪ್ರಕಟಿಸಿ, ಆಮೇಲೆ ತಡೆಹಿಡಿದರು. ಕಡ್ಡಾಯವಿಲ್ಲದಿದ್ದರೂ ನೋಂದಾಯಿಸಿ ಎನ್ನುವುದೇ ನಮ್ಮ ಸಲಹೆ. ಪಾಸ್‌ಪೋರ್ಟ್ ವಿವರ, ಕೆಲಸ ಕೊಡುವವನ ಹೆಸರು, ವಿಳಾಸ, ಊರಿನಲ್ಲಿ ಸಂಪರ್ಕಿಸಬೇಕಾದವರ ನಂಬರು ಸರ್ಕಾರದ ದಾಖಲೆಯಲ್ಲಿ ಇದ್ದರೆ ಗಲಾಟೆ, ಯುದ್ಧ ಏನಾದರೂ ಆದಾಗ ರಾಯಭಾರ ಕಚೇರಿ ಹುಡುಕುವುದು ಸುಲಭ. 2015ರ ಏಪ್ರಿಲಿನಲ್ಲಿ ಯೆಮೆನ್‌ನಿಂದ 4600ಕ್ಕೂ ಹೆಚ್ಚು ಭಾರತೀಯರನ್ನು ಆಪರೇಷನ್ ರಾಹತ್‌ನಲ್ಲಿ ಕರೆತಂದಾಗ ಹಡಗು ಹತ್ತಿದವರನ್ನು ಹೆಚ್ಚಾಗಿ ತಂದಿಳಿಸಿದ್ದು ಅದೇ ಜಿಬೂಟಿಯಲ್ಲಿ. 2023ರಲ್ಲಿ ಸೂಡಾನಿನಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರು ಸಿಕ್ಕಿಬಿದ್ದದ್ದು ಎಲ್ಲರಿಗೂ ನೆನಪಿರಬಹುದು. ಅವರು ಅಲ್ಲಿದ್ದಾರೆ ಎಂಬುದು ಊರಿಗೆ ಗೊತ್ತಾದದ್ದು ಮೊಬೈಲ್ ವಿಡಿಯೊಗಳಿಂದ. ಅಂದಹಾಗೆ, ಯೆಮೆನ್‌ಗೆ ಭಾರತದ ಪಾಸ್‌ಪೋರ್ಟಿನಲ್ಲಿ ಹೋಗುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಇನ್ನೊಂದು ದೇಶದ ಮೂಲಕ ಕಳಿಸುತ್ತೇನೆ ಎನ್ನುವವನಿಂದ ದೂರವಿರಿ.

ವಿಸಿಟ್ ವೀಸಾದಲ್ಲಿ ಹೋದವರ ಲೆಕ್ಕ ಈ ತಾಣಕ್ಕೆ ಸಿಗುವುದೇ ಇಲ್ಲ. ‘ಮೂರು ತಿಂಗಳು ವಿಸಿಟ್‌ನಲ್ಲಿ ಹೋಗು, ಅಲ್ಲಿ ಮಾರ್ಪಡಿಸಿಕೊಡುತ್ತೇವೆ’ ಎಂಬುದು ದುಬೈ ಕಡೆ ಹೋಗುವವರಿಗೆ ಹೇಳುವ ಮಾಮೂಲು ಮಾತು. ವಿಸಿಟ್‌ನಲ್ಲಿ ದುಡಿದರೆ ಸಂಬಳ ಕೇಳುವ ಹಕ್ಕೇ ಅಲುಗಾಡುತ್ತದೆ, ಅವಧಿ ಮುಗಿದರೆ ದಿನದ ಲೆಕ್ಕದಲ್ಲಿ ದಂಡ ಬೆಳೆಯುತ್ತದೆ. ಬ್ಯಾಂಕಾಕಿಗೆ ಡೇಟಾ ಎಂಟ್ರಿ ಕೆಲಸ ಎಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾದ ಆನ್‌ಲೈನ್ ವಂಚನೆ ಕೇಂದ್ರಗಳಿಗೆ ತಳ್ಳುವುದೂ ಪ್ರವಾಸಿ ವೀಸಾದಲ್ಲೇ. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಆ 18 ದೇಶಗಳ ಪಟ್ಟಿಯಲ್ಲಿಲ್ಲ. ಆದರೆ ಯಾವ ದೇಶಕ್ಕೇ ಆಗಲಿ ಕೆಲಸಕ್ಕೆ ಜನ ಕಳಿಸುವವನಿಗೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ಮೇಲೆ ಹೇಳಿದ ಹುಡುಕಾಟ ಅಲ್ಲಿಗೂ ಅನ್ವಯ.

ಸೌದಿಗೆ ‘ಫ್ರೀ ವೀಸಾ’ ಎಂದು ಮಾರುವುದು ಇನ್ನೊಂದು. ಅಂಥ ವೀಸಾ ಸೌದಿ ಕಾನೂನಿನಲ್ಲಿ ಇಲ್ಲ. ಇಕಾಮಾದಲ್ಲಿ, ಅಂದರೆ ಅಲ್ಲಿಯ ವಾಸದ ಪರವಾನಗಿಯಲ್ಲಿ, ಒಬ್ಬ ಕಫೀಲನ ಹೆಸರು, ದುಡಿಯುವುದು ಇನ್ನೊಬ್ಬನ ಹತ್ತಿರ. ಕಫೀಲ್ ‘ಹುರೂಬ್’ (ಕೆಲಸ ಬಿಟ್ಟು ಓಡಿಹೋಗಿದ್ದಾನೆ) ಎಂದು ದೂರು ಕೊಟ್ಟರೆ ಕಾಗದಪತ್ರ ಸರಿಯಿದ್ದವನೂ ದೋಣಿ ಹತ್ತಿ ಬಂದವನೂ ಒಂದೇ ಸಾಲಿಗೆ ಬರುತ್ತಾರೆ. 2013ರಲ್ಲಿ ಸೌದಿ ಸರ್ಕಾರ ತನ್ನವರಿಗೇ ಕೆಲಸ ಮೀಸಲಿಡುವ ನಿತಾಖತ್ ನಿಯಮ ಬಿಗಿಗೊಳಿಸಿ ಹುಡುಕಾಟ ಶುರುಮಾಡಿದಾಗ ನಮ್ಮವರು ಸಾವಿರಗಟ್ಟಲೆ ಮಂದಿ ಹಿಂದಿರುಗಿದರು. ಅದೇ ಕಾರ್ಯಾಚರಣೆಯಲ್ಲಿ ಇಥಿಯೋಪಿಯಾಕ್ಕೆ ಕಳಿಸಲ್ಪಟ್ಟವರು ಒಂದೂವರೆ ಲಕ್ಷಕ್ಕೂ ಹೆಚ್ಚು.

ಹೆಂಗಸರಿಗೆ ಹಾಕಿದ ಬೇಲಿ

ಇಸಿಆರ್ ಪಾಸ್‌ಪೋರ್ಟ್ ಇರುವ ಹೆಂಗಸು ಈ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಕೇರಳದ ನೊರ್ಕಾ ರೂಟ್ಸ್, ಒಡೆಪೆಕ್‌ನಂಥ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಉದ್ದೇಶ ಒಳ್ಳೆಯದು. ಪರಿಣಾಮದ ಬಗ್ಗೆ ನಮಗೆ ಆತಂಕವಿದೆ. ಇಥಿಯೋಪಿಯಾ 2013ರ ಅಕ್ಟೋಬರಿನಲ್ಲಿ ಮಧ್ಯಪ್ರಾಚ್ಯಕ್ಕೆ ಕೆಲಸಕ್ಕೆ ಹೋಗುವುದನ್ನೇ ನಿಷೇಧಿಸಿತ್ತು, ತನ್ನವರ ಮೇಲಿನ ದೌರ್ಜನ್ಯ ತಡೆಯಲು. ಜನ ಹೋಗುವುದು ನಿಲ್ಲಲಿಲ್ಲ, ಕಾನೂನಿನ ದಾರಿ ಮುಚ್ಚಿತು, ದಲ್ಲಾಳಿಗಳ ವ್ಯಾಪಾರ ಬೆಳೆಯಿತು. 2018ರಲ್ಲಿ ನಿಷೇಧ ತೆಗೆಯಬೇಕಾಯಿತು. ಮನೆಯಲ್ಲಿ ಸಾಲ ಇರುವ 26ರ ಹೆಂಗಸಿಗೆ ‘ನಾಲ್ಕು ವರ್ಷ ಕಾಯಿ’ ಎಂದರೆ ಅವಳು ಕಾಯುವುದಿಲ್ಲ, ವಿಸಿಟ್ ವೀಸಾ ಕೊಡುವವನನ್ನು ಹುಡುಕುತ್ತಾಳೆ. ಆಮೇಲೆ ಅವಳು ಯಾವ ಮನೆಯ ಅಡುಗೆಕೋಣೆಯಲ್ಲಿದ್ದಾಳೆ ಎಂದು ಯಾವ ದಾಖಲೆಯೂ ಹೇಳುವುದಿಲ್ಲ. ವಯಸ್ಸಿನ ಗಡಿಗಿಂತ, ಹೋದವಳ ಮನೆಗೆ ತಿಂಗಳಿಗೊಮ್ಮೆ ಫೋನ್ ಮಾಡಿ ವಿಚಾರಿಸುವ ವ್ಯವಸ್ಥೆ ಹೆಚ್ಚು ಕಾಪಾಡುತ್ತಿತ್ತು.

ವಿಮೆ ಮತ್ತು ತರಬೇತಿ

ಅನುಮತಿಯ ಜೊತೆಗೆ ಬರುವ ಪ್ರವಾಸಿ ಭಾರತೀಯ ಬಿಮಾ ಯೋಜನೆ ಈ ಸೇವೆಯ ಅತ್ಯುತ್ತಮ ಭಾಗ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ, ಕೆಲಸಕ್ಕೆ ಸಂಬಂಧಿಸಿದ ಮೊಕದ್ದಮೆಯ ಖರ್ಚಿಗೆ 45,000. ಪಾಲಿಸಿಯ ಪ್ರತಿ ಊರಿನ ಮನೆಯಲ್ಲಿ ಇರಲಿ, ನಾಮಿನಿಗೆ ವಿಷಯ ಗೊತ್ತಿರಲಿ. ಹೊರಡುವ ಮುನ್ನ ಕೊಡುವ ಒಂದು ದಿನದ ತರಬೇತಿಯೂ ಉಚಿತ, ತಪ್ಪಿಸಬೇಡಿ.

ಕತಾರಿಗೆ ಹೋಗುವವರಿಗೆ ಇನ್ನೊಂದು ಅನುಕೂಲ: ಕೊಚ್ಚಿಯ ಕತಾರ್ ವೀಸಾ ಕೇಂದ್ರದಲ್ಲೇ ಒಪ್ಪಂದ ಕಣ್ಣೆದುರಿಗೆ ಬರುತ್ತದೆ. ಏಜೆಂಟ್ ಹೇಳಿದ ಸಂಬಳಕ್ಕೂ ಅದರಲ್ಲಿ ಇರುವ ಸಂಬಳಕ್ಕೂ ತಾಳೆಯಾಗದಿದ್ದರೆ ಅಲ್ಲೇ ಸಹಿ ಹಾಕದೆ ಹಿಂದಿರುಗಬಹುದು. ಕಳೆದುಕೊಳ್ಳುವುದು ರೈಲಿನ ಟಿಕೆಟಿನ ಹಣ ಮಾತ್ರ.

ದೂರು ಕೊಡುವಾಗ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಠಾಣೆಗೆ ಹೋದರೆ ‘ಹಣದ ವ್ಯವಹಾರ, ಮಾತಾಡಿ ಮುಗಿಸಿಕೊಳ್ಳಿ’ ಎಂಬ ಮಾತು ಕೇಳಬಹುದು. ಲೈಸೆನ್ಸ್ ಇಲ್ಲದೆ ಜನ ಕಳಿಸುವುದು ವಲಸೆ ಕಾಯಿದೆಯ 24ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು ಆಗಬಹುದಾದ ಅಪರಾಧ. ಈ ಕಾಯಿದೆಯಡಿ ಮೊಕದ್ದಮೆ ಹೂಡಲು ಸಾಮಾನ್ಯವಾಗಿ ಕೇಂದ್ರದ ಪೂರ್ವಾನುಮತಿ ಬೇಕು, ಆದರೆ ಮೋಸಹೋದವನೇ, ಇಲ್ಲವೇ ಅವನ ಪರವಾಗಿ ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರು ದೂರು ಕೊಟ್ಟರೆ ಆ ಅನುಮತಿ ಬೇಡ ಎಂದು 27ನೇ ಸೆಕ್ಷನ್ ಹೇಳುತ್ತದೆ. ಮಗ ಅಲ್ಲಿ ಸಿಕ್ಕಿಬಿದ್ದಿದ್ದರೂ ಅಮ್ಮ ಇಲ್ಲಿ ದೂರು ಕೊಡಬಹುದು. ವಂಚನೆಯ ಸೆಕ್ಷನ್ ಜೊತೆಗೆ ಇದನ್ನೂ ಸೇರಿಸಿ ಎಂದು ಅರ್ಜಿಯಲ್ಲೇ ಬರೆಯಿರಿ.

ದೂರಿನ ಜೊತೆ ಇಡಬೇಕಾದದ್ದು: ಹಣ ಹೋದ ಬ್ಯಾಂಕ್ ಸ್ಟೇಟ್‌ಮೆಂಟು, ವಾಟ್ಸಾಪ್ ಮಾತುಕತೆ (ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಫೋನನ್ನು ರೀಸೆಟ್ ಮಾಡಬೇಡಿ), ಪಾಸ್‌ಪೋರ್ಟ್, ವೀಸಾ, ಟಿಕೆಟಿನ ಪ್ರತಿ, ಇ-ಮೈಗ್ರೇಟಿನಲ್ಲಿ ಆ ಹೆಸರು ಹುಡುಕಿದಾಗ ಬಂದ ಫಲಿತಾಂಶದ ಪ್ರಿಂಟು. ಕೇರಳದಲ್ಲಿ ನೊರ್ಕಾ, ಪೊಲೀಸ್ ಮತ್ತು ವಲಸಿಗರ ರಕ್ಷಣಾಧಿಕಾರಿಗಳ ಕಚೇರಿ ಸೇರಿ ಇಂಥ ಮೋಸ ತಡೆಯಲು 2022ರಿಂದ ನಡೆಸುವ ಆಪರೇಷನ್ ಶುಭಯಾತ್ರಾಕ್ಕೂ ಪ್ರತಿ ಕಳಿಸಿ. ಹೋದವರು ಅಲ್ಲಿ ಕಷ್ಟದಲ್ಲಿದ್ದರೆ ಇ-ಮೈಗ್ರೇಟಿಗಿಂತ ವಿದೇಶಾಂಗ ಸಚಿವಾಲಯದ್ದೇ ದೂರಿನ ತಾಣ ‘ಮದದ್’ ಸೂಕ್ತ, ಏಕೆಂದರೆ ಅಲ್ಲಿಯ ದೂರು ಆ ದೇಶದ ರಾಯಭಾರ ಕಚೇರಿಗೆ ಹೋಗುತ್ತದೆ.

ಕನ್ನಡದವರ ಪಾಡು

ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ತೊಡಕು. ಏಜೆಂಟರ ಪಟ್ಟಿ ಇಂಗ್ಲಿಷಿನಲ್ಲಿ, ಒಪ್ಪಂದ ಅರಬಿ ಮತ್ತು ಇಂಗ್ಲಿಷಿನಲ್ಲಿ, ನೊರ್ಕಾದ ಪ್ರಚಾರ ಹೆಚ್ಚಾಗಿ ಮಲಯಾಳದಲ್ಲಿ. ಬೆಂಗಳೂರಿನ ಕಚೇರಿಗೆ ಹೋದರೆ ‘ನೀವು ಕೇರಳದವರು’, ಇಲ್ಲಿ ಭಾಷೆ ಸರಿಯಾಗಿ ಬಾರದು. ಎಣ್ಮಕಜೆ, ಪೈವಳಿಕೆ, ಬೆಳ್ಳೂರಿನಂಥ ಪಂಚಾಯತುಗಳಲ್ಲಿ ಇದರಿಂದ ಲಾಭವಾಗುವುದು ಮಧ್ಯವರ್ತಿಗೆ. ಭಾಷೆ ಬಾರದವರಿಗೆ ಕಾಗದ ಓದಿ ಹೇಳುವವನೇ ಏಜೆಂಟನೂ ಆಗಿಬಿಡುತ್ತಾನೆ.

ಇದಕ್ಕೆ ದಾರಿಯುಂಟು. ಕೇಂದ್ರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 1800 11 3090 ಹಲವು ಭಾರತೀಯ ಭಾಷೆಗಳಲ್ಲಿ ಕೆಲಸ ಮಾಡುತ್ತದೆ. ಕರೆ ತಗೊಂಡ ಕೂಡಲೇ ಕನ್ನಡದವರನ್ನು ಕೊಡಿ ಎಂದು ಕೇಳಿ. ನೊರ್ಕಾದ ಉಚಿತ ಸಂಖ್ಯೆ 1800 425 3939. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ನೊರ್ಕಾದ ಜಿಲ್ಲಾ ಘಟಕವಿದೆ. ಭಾಷಾ ಅಲ್ಪಸಂಖ್ಯಾತರಾದ ಕನ್ನಡಿಗರು ರಾಜ್ಯ ಸರ್ಕಾರದೊಡನೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿದೆ. ಕನ್ನಡದಲ್ಲಿ ಅರ್ಜಿ ಬರೆದು ಕೊಡಿ, ಸ್ವೀಕೃತಿ ಕೇಳಿ ಪಡೆಯಿರಿ. ಲೈಸೆನ್ಸ್ ಹುಡುಕಲು ಗೊತ್ತಾಗದಿದ್ದರೆ ಅಕ್ಷಯ ಕೇಂದ್ರದಲ್ಲಿ ಮಾಡಿಸಿ, ಆದರೆ ಪ್ರಿಂಟ್ ತೆಗೆಸಿಕೊಂಡು ಬನ್ನಿ, ಬಾಯಿಮಾತಿನ ‘ಉಂಟು, ಸರಿಯುಂಟು’ ಸಾಲದು.

ಐದರಲ್ಲಿ ಅಂಕ ಕೊಡುವುದಾದರೆ ಏಜೆಂಟನ ಪರಿಶೀಲನೆಗೆ ನಾಲ್ಕೂವರೆ, ವಿಮೆಗೆ ನಾಲ್ಕು, ದೂರು ವ್ಯವಸ್ಥೆಗೆ ಎರಡೂವರೆ, ಕನ್ನಡದವರಿಗೆ ತಲುಪಿದ್ದಕ್ಕೆ ಒಂದು. ಹಣ ಕೊಡುವ ಮೊದಲು ಬಳಸಿದರೆ ಮಾತ್ರ ಈ ಅಂಕಗಳು. ಪಾಸ್‌ಪೋರ್ಟನ್ನೂ ಮುಂಗಡವನ್ನೂ ಏಜೆಂಟನ ಕೈಗೆ ಕೊಟ್ಟ ಮೇಲೆ ತಾಣ ತೆರೆದವರಿಗೆ ಅದು ಕೊಡುವುದು ದೂರಿಗೆ ಲಗತ್ತಿಸಲು ಒಂದು ಪ್ರಿಂಟು ಅಷ್ಟೆ. ಪಾಸ್‌ಪೋರ್ಟ್ ಹಿಡಿದಿಟ್ಟುಕೊಳ್ಳುವ ಹಕ್ಕು ಏಜೆಂಟನಿಗೆ ಇಲ್ಲ. ಕೇಳಿದ ದಿನವೇ ಹಿಂದಿರುಗಿಸದಿದ್ದರೆ ಅದಕ್ಕೂ ಪ್ರತ್ಯೇಕ ದೂರು ಕೊಡಿ.